ತೀರ್ಥನ್ ನದಿಗೆ ಹಾಕಿದ ಗಾಳ

ಸಂದರ್ಶನ ಹನ್ನೊಂದು ನಿಮಿಷಕ್ಕೆ ಮುಗಿದುಹೋಯಿತು. ಆ ಹನ್ನೊಂದು ನಿಮಿಷಕ್ಕಾಗಿ ನಾನು ಎರಡು ರಾತ್ರಿ ರೈಲಿನಲ್ಲಿ ಮಲಗಿ ಚಂಡೀಗಢಕ್ಕೆ ಹೋಗಿದ್ದೆ. ಎದುರಿಗಿದ್ದ ಮೂವರಲ್ಲಿ ಒಬ್ಬರು ನನ್ನ ಅಂಕಪಟ್ಟಿ ನೋಡಿದರು, ಇನ್ನೊಬ್ಬರು ಫೋನ್ ನೋಡಿದರು, ಮೂರನೆಯವರು ‘ಅಷ್ಟು ದೂರದಿಂದ ಬಂದಿರಾ?’ ಎಂದು ಮರುಗಿದರು. ಆ ಮರುಕದಲ್ಲೇ ನನಗೆ ಉತ್ತರ ಸಿಕ್ಕಿತ್ತು. ಆದರೂ ‘ಮೇಲ್ ಮಾಡುತ್ತೇವೆ’ ಎಂದರಲ್ಲ, ಆ ಮಾತಿಗೆ ಜೋತುಬಿದ್ದು ಹೊರಗೆ ಬಂದೆ.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿ ಎರಡು ವರ್ಷವಾಗಿದೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಇದು ಒಂದು ಸಂಶೋಧನಾ ಯೋಜನೆಯಲ್ಲಿ ಸಹಾಯಕನ ಹುದ್ದೆ. ಮೂರು ವರ್ಷದ ಕಾಂಟ್ರಾಕ್ಟ್ ಅಷ್ಟೇ. ಆದರೂ ಮನೆಯಲ್ಲಿ ‘ಮಗನಿಗೆ ಚಂಡೀಗಢದಲ್ಲಿ ಇಂಟರ್‌ವ್ಯೂ’ ಎಂದು ಊರಿಗೆಲ್ಲ ಹೇಳಿಯಾಗಿತ್ತು. ವಾಪಸು ಬರುವ ರೈಲಿಗೆ ಸೀಟು ಸಿಕ್ಕಿದ್ದು ಆರು ದಿನ ಬಿಟ್ಟು. ಮೊಹಾಲಿಯಲ್ಲಿ ಕೆಲಸದಲ್ಲಿರುವ ಕಾಲೇಜಿನ ಸೀನಿಯರ್ ಒಬ್ಬರ ರೂಮಿನಲ್ಲಿ ಉಳಿದೆ. ಮೊದಲ ದಿನವೇ ನಾನು ಹತ್ತು ನಿಮಿಷಕ್ಕೊಮ್ಮೆ ಇನ್‌ಬಾಕ್ಸ್ ತೆಗೆದು ನೋಡುವುದನ್ನು ನೋಡಿ ಅವರಿಗೆ ಬೇಜಾರಾಗಿರಬೇಕು. ‘ನೀನು ಇಲ್ಲೇ ಕೂತ್ರೆ ಮೇಲ್ ಬೇಗ ಬರುತ್ತಾ? ಭದ್ರಾ ನದಿ ದಂಡೆಯವನು ನೀನು. ಹೋಗು, ತೀರ್ಥನ್ ಅಂತ ಒಂದು ನದಿ ಇದೆ, ಟ್ರೌಟ್ ಸೀಸನ್ ಈಗ ತಾನೇ ಶುರುವಾಗಿದೆ. ಗಾಳ ಹಾಕು’ ಎಂದು ಹೊಲಿಗೆ ಬಿಟ್ಟ ತಮ್ಮ ಜಾಕೆಟ್ಟನ್ನೂ ಕೊಟ್ಟು ರಾತ್ರಿ ಬಸ್ಸು ಹತ್ತಿಸಿದರು.

ನಸುಕಿನಲ್ಲಿ ಕಂಡಕ್ಟರ್ ಬಂದು ನನ್ನ ಭುಜ ಅಲ್ಲಾಡಿಸಿ ‘ಔಟ್! ಔಟ್!’ ಎಂದು ಕೂಗಿದ. ಸಂದರ್ಶನದ ಕನಸೇ ಬೀಳುತ್ತಿತ್ತೋ ಏನೋ, ಎದೆ ಧಸಕ್ಕೆಂದಿತು. ನೋಡಿದರೆ ಅದು ಊರಿನ ಹೆಸರು. ಮನಾಲಿಗೆ ಹೋಗುವ ಬಸ್ಸುಗಳು ಔಟ್‌ನ ಉದ್ದನೆಯ ಸುರಂಗದೊಳಗೆ ನುಗ್ಗಿ ಮುಂದೆ ಹೋಗುತ್ತವೆ. ತೀರ್ಥನ್ ಕಣಿವೆಗೆ ಹೋಗುವವರು ಸುರಂಗಕ್ಕೆ ಮೊದಲೇ ಇಳಿದುಬಿಡಬೇಕು. ಚಹಾ ಕುಡಿದು, ಬೆಳಕು ಹರಿದ ಮೇಲೆ ಬಂಜಾರ್ ಕಡೆಯ ಲೋಕಲ್ ಬಸ್ಸು ಹತ್ತಿದೆ. ಸ್ವಲ್ಪ ದೂರದಲ್ಲಿ ಲಾರ್ಜಿ. ಅಲ್ಲಿ ಬಿಯಾಸ್ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ಸೈಂಜ್ ಮತ್ತು ತೀರ್ಥನ್ ನದಿಗಳು ಬಿಯಾಸ್‌ಗೆ ಸೇರುವುದೂ ಅಲ್ಲೇ. ನಿಂತ ನೀರಿನ ಮಬ್ಬು ಬಣ್ಣ ದಾಟಿ ಬಸ್ಸು ಬಲಕ್ಕೆ ತಿರುಗಿದ್ದೇ ಕಿಟಕಿಯ ಕೆಳಗೆ ತೀರ್ಥನ್ ಕಂಡಿತು. ಗಾಜಿನಂಥ ತಿಳಿನೀರು. ತಳದ ಒಂದೊಂದು ಕಲ್ಲೂ ಬಸ್ಸಿನಿಂದಲೇ ಎಣಿಸುವಷ್ಟು ಸ್ಪಷ್ಟ.

ಬಂಜಾರ್‌ನಿಂದ ಮೇಲೆ ಹತ್ತು ಕಿಲೋಮೀಟರ್ ಹೋದರೆ ಗುಶೈಣಿ. ನಾನು ಉಳಿದ ಮನೆ ನದಿಯಿಂದ ಕಲ್ಲೆಸೆತದ ದೂರದಲ್ಲಿತ್ತು. ಮನೆಯ ಅಮ್ಮ, ಅವರ ಮಗ, ಎರಡು ಹಸು. ಮಗನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವನು ನನ್ನನ್ನು ‘ಭಾಯಿ’ ಎಂದ, ನಾನೂ ಅವನನ್ನು ‘ಭಾಯಿ’ ಎಂದೆ. ಹೆಸರು ಕೇಳಬೇಕು ಅನ್ನಿಸುವ ಹೊತ್ತಿಗೆ ಎರಡು ದಿನ ಕಳೆದಿತ್ತು, ಆಮೇಲೆ ಕೇಳಲು ನಾಚಿಕೆಯಾಯಿತು. ಆದ್ದರಿಂದ ಇಲ್ಲಿಯೂ ಅವನು ಭಾಯಿಯೇ.

ಬಂದ ದಿನವೇ ನಾನೊಂದು ತಪ್ಪು ಮಾಡಿದೆ. ಬ್ಯಾಗಿನಲ್ಲಿ ಊರಿನಿಂದ ತಂದ ತಂಗೂಸಿ ದಾರ, ನಾಲ್ಕು ಗಾಳ ಇದ್ದವು. ಗೊಬ್ಬರದ ಗುಂಡಿಯ ಪಕ್ಕ ಕೆದಕಿ ಎರೆಹುಳ ಹುಡುಕತೊಡಗಿದೆ. ನಮ್ಮ ಕಡೆ ಗಾಳ ಹಾಕಲು ಯಾರನ್ನು ಕೇಳುತ್ತೇವೆ? ಅಮ್ಮ ಮಹಡಿಯ ಮರದ ಜಗುಲಿಯಿಂದ ನೋಡಿ ಒಂದೇ ಸಮ ಕೂಗಿದರು. ಕುಲ್ಲುವಿ ಮಾತು ನನಗೆ ಅರ್ಥವಾಗದಿದ್ದರೂ ದನಿ ಅರ್ಥವಾಯಿತು. ಭಾಯಿ ಓಡಿಬಂದು ವಿವರಿಸಿದ. ಟ್ರೌಟ್ ಇರುವ ಈ ನೀರಿಗೆ ಮೀನುಗಾರಿಕೆ ಇಲಾಖೆಯ ಪರವಾನಗಿ ಇಲ್ಲದೆ ದಾರ ಹಾಕುವಂತಿಲ್ಲ. ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಪರವಾನಗಿಯೂ ಇಲ್ಲ, ಗಾಳವೂ ಇಲ್ಲ. ಮಾರ್ಚ್ 1ಕ್ಕೆ ಬಾಗಿಲು ತೆರೆಯುತ್ತದೆ. ಪರವಾನಗಿ ದಿನದ ಲೆಕ್ಕ, ದುಬಾರಿಯೇನಲ್ಲ, ನಾಳೆ ಮಾಡಿಸೋಣ ಎಂದ. ‘ಅಮ್ಮ ಏನಂದ್ರು?’ ಎಂದು ಕೇಳಿದೆ. ‘ಓದಿದವನ ಹಾಗೆ ಕಾಣ್ತಾನೆ, ಕಳ್ಳನ ಹಾಗೆ ಹುಳ ಕೆದಕ್ತಾನೆ ಅಂದ್ರು’ ಎಂದು ನಕ್ಕ.

ಹಾಗಾಗಿ ಮೊದಲ ದಿನ ಬರಿಗೈಲಿ ನದಿಯ ಪಕ್ಕ ನಡೆದೆ. ಗುಶೈಣಿಯಿಂದ ಮೇಲಕ್ಕೆ ಕಾಲುದಾರಿ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಕಡೆಗೆ ಹೋಗುತ್ತದೆ. 754 ಚದರ ಕಿಲೋಮೀಟರಿನ ಈ ಕಾಡಿಗೆ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದೆ. ಗೇಟಿನವರೆಗೆ ಹೋಗುವಷ್ಟು ಕಾಲಿರಲಿಲ್ಲ, ಅರ್ಧ ದಾರಿಗೇ ಕುಳಿತೆ. ಅದೇ ಒಳ್ಳೆಯದಾಯಿತು. ಮೇಲೆ ಬೆಟ್ಟದ ಹೆಗಲ ಮೇಲೆ ಇನ್ನೂ ಹಿಮ. ಕೆಳಗೆ ಹೊಲಗಳ ಅಂಚಿನಲ್ಲಿ ಎಲೆಯೇ ಇಲ್ಲದ ಬೋಳು ಕೊಂಬೆಗಳಿಗೆ ಖುಬಾನಿ ಹೂವು ಹತ್ತಿಕೊಂಡಿತ್ತು, ಬಿಳಿಗೆ ಒಂದು ಹನಿ ಗುಲಾಬಿ ಬೆರೆಸಿದ ಬಣ್ಣ. ಸೇಬಿನ ಮರಗಳು ಮಾತ್ರ ಇನ್ನೂ ನಿದ್ದೆಯಲ್ಲಿದ್ದವು. ಎದುರು ಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಬುರಾಂಶ್ ಕೆಂಪಗೆ ಅರಳಿತ್ತು. ಅಮ್ಮ ಅದರ ದಳಗಳಲ್ಲಿ ಚಟ್ನಿ ಅರೆಯುತ್ತಾರೆ, ಹುಳಿಹುಳಿ.

ಒಂದು ಹಕ್ಕಿಯನ್ನು ನೋಡುತ್ತ ಎಷ್ಟು ಹೊತ್ತು ಕುಳಿತೆನೋ. ಚಾಕಲೇಟು ಬಣ್ಣದ ದುಂಡು ಹಕ್ಕಿ. ನೀರಿನ ನಡುವಿನ ಬಂಡೆಯ ಮೇಲೆ ನಿಂತು ಬಸ್ಕಿ ಹೊಡೆದಂತೆ ಮೇಲೆ ಕೆಳಗೆ ಕುಪ್ಪಳಿಸುತ್ತಿತ್ತು. ನೋಡನೋಡುತ್ತಲೇ ಆ ಕೊರೆಯುವ ನೀರಿನೊಳಗೆ ನಡೆದುಕೊಂಡು ಹೋಯಿತು. ಹಾರಲಿಲ್ಲ, ಬೀಳಲಿಲ್ಲ, ನಾವು ಮನೆಯೊಳಗೆ ಹೋಗುವ ಹಾಗೆ ಹೋಯಿತು. ಕೆಲವು ಸೆಕೆಂಡು ಬಿಟ್ಟು ಇನ್ನೊಂದು ಬಂಡೆಯ ಬಳಿ ಬಾಯಲ್ಲಿ ಏನನ್ನೋ ಹಿಡಿದು ಎದ್ದಿತು. ಬ್ರೌನ್ ಡಿಪ್ಪರ್. ಹಾಡುಹಕ್ಕಿಗಳ ದೊಡ್ಡ ಬಳಗದಲ್ಲಿ ನೀರೊಳಗೆ ಮುಳುಗಿ ಬೇಟೆಯಾಡುವುದು ಡಿಪ್ಪರ್‌ಗಳ ಕುಲವೊಂದೇ ಎಂದು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಅದು ಏನನ್ನು ಹಿಡಿದು ತಂದಿತು ಎಂಬ ಕುತೂಹಲಕ್ಕೆ ದಡದ ತೆಳುನೀರಿನಲ್ಲಿ ಒಂದು ಕಲ್ಲು ಮಗುಚಿದೆ. ಅಡಿಯಲ್ಲಿ ಅಂಟಿಕೊಂಡಿದ್ದವು: ಮರಳಿನ ಕಾಳುಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ, ಬೆರಳ ಉಗುರಿಗಿಂತ ತುಸು ಉದ್ದದ ಕೊಳವೆಗಳು. ಒಂದರ ತುದಿಯಿಂದ ಪುಟ್ಟ ತಲೆ, ಆರು ಕಾಲು ಹೊರಬಂದು ನಡೆಯಿತು. ಕ್ಯಾಡಿಸ್ ಹುಳದ ಮರಿ! ತನ್ನ ಬಾಯಿಂದ ಬರುವ ರೇಷ್ಮೆಯಂಥ ಎಳೆಯಲ್ಲಿ ಕಲ್ಲುಮರಳು ಹೊಲಿದು ಮನೆ ಕಟ್ಟಿಕೊಳ್ಳುತ್ತದೆ. ಬಿ.ಎಸ್ಸಿ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಎಚ್‌ಬಿ ಪೆನ್ಸಿಲಿನಲ್ಲಿ ಇದರ ಚಿತ್ರ ಬರೆದು ‘ಗುಡ್’ ಹಾಕಿಸಿಕೊಂಡವನು ನಾನು. ಜೀವಂತವಾಗಿ ನೋಡಿದ್ದು ಅಂದೇ ಮೊದಲು. ಸ್ನಾತಕೋತ್ತರ ಪದವೀಧರ ಎಂದು ಬಯೋಡೇಟಾದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ, ನೋಡಿ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಸಿದ್ಧನಾಗಿ ಕುಳಿತೆ. ಎರಡು ವರ್ಷದಿಂದ ಎಲ್ಲ ಕೋಚಿಂಗ್‌ನವರೂ ಹೇಳಿಕೊಟ್ಟದ್ದು ಅದನ್ನೇ. ಭಾಯಿ ಎಂಟಕ್ಕೆ ಕಣ್ಣುಜ್ಜುತ್ತ ಬಂದು ‘ಇಷ್ಟು ಬೇಗ ಯಾಕೆ? ಮೀನೇ ಎದ್ದಿಲ್ಲ’ ಎಂದ. ಬೇಸಿಗೆಯಲ್ಲಾದರೆ ಬೆಳಗಿನ ಜಾವ, ಸಂಜೆ ಒಳ್ಳೆಯದು. ಮಾರ್ಚ್ ಮೊದಲ ವಾರದಲ್ಲಿ ಮಧ್ಯಾಹ್ನವೇ ಸರಿ. ಮೀನಿನ ಮೈಯ ಬಿಸಿ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ಹಿಮದಿಂದ ಇಳಿದ ನೀರಿನಲ್ಲಿ ಅದಕ್ಕೆ ಹಸಿವೂ ಕಡಿಮೆ, ಓಡುವ ಉತ್ಸಾಹವೂ ಕಡಿಮೆ. ಆಳದ ಮಡುಗಳ ತಳದಲ್ಲಿ, ಬಂಡೆಗಳ ಹಿಂದೆ ಹರಿವು ಮೆತ್ತಗಿರುವ ಕಡೆ ಸುಮ್ಮನೆ ನಿಂತಿರುತ್ತದೆ. ಬಿಸಿಲು ಕಣಿವೆಯ ತಳ ಮುಟ್ಟಿ ನೀರು ಒಂದೆರಡು ಡಿಗ್ರಿ ಏರಿತೆಂದರೆ ಹುಳುಗಳು ಮಿಸುಕುತ್ತವೆ, ಮೀನೂ ಮಿಸುಕುತ್ತದೆ. ಆ ಎರಡು ಮೂರು ತಾಸು ನಮ್ಮದು.

ಪರವಾನಗಿ ಮಾಡಿಸಿ, ಭಾಯಿಯ ಹಳೆಯ ರಾಡ್ ಹಿಡಿದು ನೀರಿಗಿಳಿಯುವ ಹೊತ್ತಿಗೆ ಹನ್ನೊಂದೂವರೆ. ಗಾಳ ಎಂದರೆ ನನಗೆ ಗೊತ್ತಿದ್ದದ್ದು ಬಿದಿರಿನ ಕಡ್ಡಿ, ಬೆಂಡು, ಎರೆಹುಳ. ಬೆಂಡು ಮುಳುಗುವವರೆಗೆ ಬೀಡಿ ಸೇದುತ್ತ ಕೂರುವುದು. ನನ್ನ ಚಿಕ್ಕಪ್ಪ ಹಾಗೇ ಕೂರುತ್ತಿದ್ದರು. ತೇಜಸ್ವಿಯವರ ಪುಸ್ತಕಗಳನ್ನು ಓದಿ ಹುಚ್ಚು ಹಿಡಿಸಿಕೊಂಡವರು ಅವರು, ನನಗೂ ಹಿಡಿಸಿದರು. ಇಲ್ಲಿ ಕೂರುವ ಮಾತೇ ಇಲ್ಲ. ದಾರದ ತುದಿಗೆ ಹಿತ್ತಾಳೆಯ ಪುಟ್ಟ ಎಲೆಯಂಥ ಸ್ಪಿನ್ನರ್. ಎಸೆದು ಎಳೆಯುತ್ತಿದ್ದರೆ ಅದು ತಿರುಗುತ್ತ ಸಣ್ಣ ಮೀನಿನ ಹಾಗೆ ಮಿನುಗುತ್ತದೆ. ಭಾಯಿ ಅದರ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ. ‘ಮೀನು ತಪ್ಪಿಸಿಕೊಳ್ಳಲ್ವಾ?’ ಎಂದೆ. ‘ನಿನಗೆ ಹಿಡಿಯೋಕೆ ಬಂದ್ರೆ ತಪ್ಪಿಸಿಕೊಳ್ಳಲ್ಲ. ಬಿಡಬೇಕಾದಾಗ ಬಾಯಿ ಹರಿಯಲ್ಲ’ ಎಂದ.

ನಾನು ಎರಡು ಹೆಜ್ಜೆ ಇಟ್ಟಿರಬೇಕು, ತೋಳು ಹಿಡಿದು ಹಿಂದಕ್ಕೆಳೆದ. ಮಡು ಮುಗಿದು ನೀರು ತೆಳುವಾಗುವ ಕಡೆ, ನುರುಜುಗಲ್ಲಿನ ತಳದಲ್ಲಿ ಒಂದು ಜಾಗ ಮಾತ್ರ ತೊಳೆದಿಟ್ಟಂತೆ ತಿಳಿಯಾಗಿತ್ತು. ಮುಂದೆ ಸಣ್ಣ ತಗ್ಗು, ಹಿಂದೆ ಸಣ್ಣ ದಿಬ್ಬ. ‘ಅಲ್ಲಿ ಮಕ್ಕಳು ಮಲಗಿದ್ದಾರೆ’ ಎಂದ. ಚಳಿಗಾಲದ ಆರಂಭದಲ್ಲಿ ಹೆಣ್ಣು ಟ್ರೌಟ್ ಬಾಲದಿಂದ ಕಲ್ಲು ಸರಿಸಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ, ಮತ್ತೆ ಕಲ್ಲು ಮುಚ್ಚುತ್ತದೆ. ತಣ್ಣೀರಿನಲ್ಲಿ ಮೊಟ್ಟೆ ಒಡೆಯಲು ತಿಂಗಳುಗಳೇ ಬೇಕು. ಒಡೆದ ಮೇಲೂ ಮರಿಗಳು ಹೊಟ್ಟೆಗೆ ಅಂಟಿದ ಮೊಟ್ಟೆಯ ಚೀಲವನ್ನೇ ಉಣ್ಣುತ್ತ ಕೆಲವು ವಾರ ಕಲ್ಲಿನ ಸಂದಿಯಲ್ಲೇ ಇರುತ್ತವೆ. ಸೀಸನ್ ತೆರೆದಿದ್ದರೂ ಮಾರ್ಚ್‌ನಲ್ಲಿ ಕಾಲಿಡುವಾಗ ನೋಡಿ ಇಡಬೇಕು. ನನ್ನ ಒಂದು ಬೂಟು ಸಾಕು, ನೂರಾರು ಮರಿ ಹೊಸಕಿ ಹೋಗಲು.

ಅವನು ಇದನ್ನು ಹೇಳುವಾಗ ನನಗೆ ಊರಿನ ಜೂನ್ ತಿಂಗಳು ನೆನಪಾಯಿತು. ಮಲೆನಾಡಿನವರಿಗೆ ಹತ್ತುಮೀನಿನ ಬಗ್ಗೆ ಹೇಳಬೇಕಿಲ್ಲ. ಮೊದಲ ಜೋರು ಮಳೆಗೆ ಹೊಳೆಯ ಮೀನುಗಳು ಹಳ್ಳ ಹತ್ತಿ, ಗದ್ದೆಗೇ ಏರಿ ಬರುತ್ತವೆ, ಮೊಟ್ಟೆಯಿಡಲು. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಅವನ್ನು ಕತ್ತಿಯಿಂದ ಕಡಿಯುವುದು ನಮ್ಮ ಕಡೆ ಹಬ್ಬದಂತೆ. ಚಿಕ್ಕಪ್ಪನ ಜೊತೆ ನಾನೂ ಎಷ್ಟು ಸಲ ಹೋಗಿಲ್ಲ? ಮೊಟ್ಟೆ ತುಂಬಿದ ಮೀನೆಂದರೆ ಮನೆಯಲ್ಲಿ ಇನ್ನೂ ಖುಷಿ. ತೋಟೆ ಹಾಕಿ ಮಡುವಿಗೆ ಮಡುವನ್ನೇ ಕೊಲ್ಲುವವರನ್ನು ನಾವು ಬೈಯುತ್ತಿದ್ದೆವು, ನಮ್ಮದು ಮಾತ್ರ ಸಾಚಾ ಶಿಕಾರಿ ಎಂಬಂತೆ. ಭದ್ರೆಯಲ್ಲಿ ಮೊದಲಿನ ಮೀನೆಲ್ಲ ಎಲ್ಲಿ ಹೋಯಿತು ಎಂದು ಚಿಕ್ಕಪ್ಪ ಈಗ ಪ್ರತಿ ಮಳೆಗಾಲದಲ್ಲೂ ಗೊಣಗುತ್ತಾರೆ. ಭಾಯಿಗೆ ಇದನ್ನೆಲ್ಲ ಹೇಳಲಿಲ್ಲ. ನನ್ನ ಹಿಂದಿ ಅಷ್ಟು ಚೆನ್ನಾಗಿಲ್ಲ ಎಂಬುದು ಅನುಕೂಲವೇ ಆಯಿತು.

ಎರಡನೇ ದಿನ ಒಂದೂ ಮೀನಿಲ್ಲ. ಎಸೆತ ಮರಕ್ಕೆ ಸಿಕ್ಕಿತು, ಬಂಡೆಗೆ ಸಿಕ್ಕಿತು, ಒಮ್ಮೆ ನನ್ನ ಸೀನಿಯರ್‌ನ ಜಾಕೆಟ್ಟಿಗೇ ಸಿಕ್ಕಿತು. ಕೊನೆಗೆ ಪಾಚಿಗಲ್ಲಿನ ಮೇಲೆ ಜಾರಿ ಸೊಂಟದವರೆಗೆ ನೀರಿಗೆ ಹೋದೆ. ಉಸಿರೇ ಸಿಕ್ಕಿಕೊಂಡಿತು. ನೀರು ಮಂಡಿಯವರೆಗಷ್ಟೇ ಇದ್ದರೂ ಅದರ ತಳ್ಳುವ ಬಲ ಎಂಥದ್ದೆಂದು ಆಗ ಗೊತ್ತಾಯಿತು. ಭಾಯಿ ಕೈಕೊಟ್ಟು ಎಳೆದ. ಹೋಗುವವರಿಗೆ ಒಂದು ಮಾತು: ತಳ ಕಾಣುತ್ತದೆ ಎಂದು ಆಳ ಅಂದಾಜು ಮಾಡಬೇಡಿ, ತಿಳಿನೀರು ಮೋಸ ಮಾಡುತ್ತದೆ. ಗಟ್ಟಿ ಕೋಲೊಂದು ಜೊತೆಗಿರಲಿ, ಒಬ್ಬರೇ ಇಳಿಯಬೇಡಿ.

ಒಲೆಯ ಮುಂದೆ ಬಟ್ಟೆ ಒಣಗಿಸಿಕೊಳ್ಳುತ್ತಿದ್ದಾಗ ಭಾಯಿ ಮಂಚದಡಿಯಿಂದ ತಗಡಿನ ಟ್ರಂಕು ಎಳೆದ. ಹಳೆಯ ಸ್ಪಿನ್ನರ್‌ಗಳನ್ನು ತೋರಿಸುತ್ತೇನೆಂದ. ಅವುಗಳ ಕೆಳಗೆ ಒಂದು ಕಟ್ಟು ಕಾಗದ, ಎಲ್ಲವೂ ಹಾಲ್ ಟಿಕೆಟ್! ಪೊಲೀಸ್ ಕಾನ್‌ಸ್ಟೆಬಲ್, ಪಟವಾರಿ, ಫಾರೆಸ್ಟ್ ಗಾರ್ಡ್. ಬಿ.ಎ. ಮಾಡಿ ನಾಲ್ಕು ವರ್ಷವಾಗಿದೆಯಂತೆ. ಫಾರೆಸ್ಟ್ ಗಾರ್ಡ್ ಹುದ್ದೆಗೆ ಓಟದಲ್ಲಿ ಪಾಸಾಗಿ ಲಿಖಿತ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಹೋಯಿತು. ಈಗ ಪಟವಾರಿ ಪರೀಕ್ಷೆಗೆ ಕಾಯುತ್ತಿದ್ದಾನೆ. ನಾನು ನನ್ನ ಕಥೆ ಹೇಳಿದೆ. ಆಮೇಲೆ ನಮ್ಮಿಬ್ಬರಿಗೂ ಭಾಷೆಯ ತೊಂದರೆ ಆಗಲಿಲ್ಲ. ಕಟ್‌ಆಫ್, ನೆಗೆಟಿವ್ ಮಾರ್ಕಿಂಗ್, ನೋಟಿಫಿಕೇಶನ್, ಸ್ಟೇ: ಈ ಪದಗಳು ದೇಶಕ್ಕೆಲ್ಲ ಒಂದೇ.

‘ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ’ ಎಂದ ಅವನು ಥಟ್ಟನೆ. ಗೈಡಿನಲ್ಲಿ ಬಾಯಿಪಾಠ ಮಾಡಿದ್ದನಂತೆ. ಅದು ನಮ್ಮದೇ ಜಿಲ್ಲೆ ಎಂದು ನಾನು ಹೆಮ್ಮೆಯಿಂದ ಎದೆಯುಬ್ಬಿಸಿದೆ. ‘ಎಷ್ಟು ಎತ್ತರ?’ ಎಂದ. ‘1,930 ಮೀಟರ್’ ಎಂದೆ. ಅವನು ಕಿಟಕಿಯಿಂದ ಎದುರಿನ ಗುಡ್ಡ ತೋರಿಸಿ, ‘ನಮ್ಮ ಕುರಿಗಳು ಮೇಯೋಕೆ ಅದಕ್ಕಿಂತ ಮೇಲೆ ಹೋಗ್ತಾವೆ’ ಎಂದು ಬಿದ್ದು ಬಿದ್ದು ನಕ್ಕ. ಮನೆಯ ಅಮ್ಮ ತುಪ್ಪ ಸುರಿದ ಬಿಸಿ ಸಿಡ್ಡು ತಟ್ಟೆಗೆ ಹಾಕುತ್ತ, ‘ಇಬ್ಬರಿಗೂ ನಗೋದು ಬಿಟ್ಟು ಬೇರೆ ಕೆಲಸ ಇಲ್ಲ’ ಎಂದರು. ಅದು ನಿಜವೇ ಆಗಿತ್ತು.

ಈ ಮೀನಿನ ಬಗ್ಗೆಯೂ ಒಂದಿಷ್ಟು ಹೇಳಬೇಕು, ಯಾಕೆಂದರೆ ಟ್ರೌಟ್ ಹಿಮಾಲಯದ್ದಲ್ಲ. ಬ್ರೌನ್ ಟ್ರೌಟ್ ಯುರೋಪಿನ ಮೀನು. ಇಲ್ಲಿನ ನದಿಗಳಲ್ಲಿ ಗಾಳ ಹಾಕುವ ಸುಖ ಬೇಕೆಂದು ಬ್ರಿಟಿಷರು ಹಡಗಿನಲ್ಲಿ ಮೊಟ್ಟೆ ತರಿಸಿದರು. 1900ರ ಹೊತ್ತಿಗೆ ಸ್ಕಾಟ್ಲೆಂಡಿನ ಮೊಟ್ಟೆಗಳು ಕಾಶ್ಮೀರದಲ್ಲಿ ನೆಲೆ ಕಂಡವು. ಅಲ್ಲಿಂದ ಮೊಟ್ಟೆ ತರಿಸಿ 1909ರಲ್ಲಿ ಕುಲ್ಲುವಿನ ಸಹಾಯಕ ಕಮಿಷನರ್ ಆಗಿದ್ದ ಹೋವೆಲ್ ಎಂಬ ಅಧಿಕಾರಿ ಕಟ್ರಾಯ್ನ್ ಬಳಿಯ ಮಹಿಲಿಯಲ್ಲಿ ಮರಿ ಮಾಡುವ ಕೇಂದ್ರ ಶುರುಮಾಡಿದ. ದಕ್ಷಿಣದಲ್ಲೂ ಅದೇ ದಶಕದಲ್ಲಿ ಊಟಿ ಬಳಿಯ ಅವಲಾಂಚಿಯಲ್ಲಿ ಟ್ರೌಟ್ ಸಾಕಿದರು, ಅಲ್ಲಿನದು ಹೆಚ್ಚಾಗಿ ರೇನ್‌ಬೋ. ಎಂಬತ್ತರ ದಶಕದ ಕೊನೆಯಲ್ಲಿ ನಾರ್ವೆ ದೇಶದ ನೆರವಿನಿಂದ ಕುಲ್ಲುವಿನ ಪತ್ಲಿಕುಹ್ಲ್‌ನಲ್ಲಿ ಟ್ರೌಟ್ ಸಾಕಣೆ ದೊಡ್ಡದಾಯಿತು. ತೀರ್ಥನ್ ಕಣಿವೆಯ ಹಾಮಣಿಯಲ್ಲೂ ಸರ್ಕಾರದ ಮರಿ ಕೇಂದ್ರವಿದೆ.

ನಾನು ಓದಿದ ಪಾಠದ ಪ್ರಕಾರ ಇದು ಹೊರಗಿನಿಂದ ತಂದು ಬಿಟ್ಟ ಜಾತಿ. ಇಲ್ಲಿನ ಮೂಲನಿವಾಸಿ ‘ಸ್ನೋ ಟ್ರೌಟ್’ (ಹೆಸರು ಟ್ರೌಟ್ ಆದರೂ ಅದು ನಮ್ಮ ಗೆಂಡೆಮೀನಿನ ಬಳಗದ್ದು) ಜಾಗಕ್ಕೂ ಅನ್ನಕ್ಕೂ ಇದರ ಜೊತೆ ಸ್ಪರ್ಧೆ ಮಾಡಬೇಕು. ಪರೀಕ್ಷೆಯಲ್ಲಿ ಕೇಳಿದ್ದರೆ ಹತ್ತು ಅಂಕಕ್ಕೆ ಟ್ರೌಟನ್ನು ಬೈದು ಬರುತ್ತಿದ್ದೆ. ಆದರೆ ಇಲ್ಲಿ ಬೇರೊಂದು ಸಂಗತಿಯೂ ಇದೆ. ಈ ನದಿಗೆ ಜಲವಿದ್ಯುತ್ ಯೋಜನೆಗಳು ಬಂದಾಗ ಕಣಿವೆಯ ಜನ ಬೇಡವೆಂದು ನಿಂತರು, ನ್ಯಾಯಾಲಯಕ್ಕೂ ಹೋದರು. ಬಂಜಾರ್‌ನ ಮಾಜಿ ಶಾಸಕ ದಿಲೇರಾಮ್ ಶಬಾಬ್ ಆ ಹೋರಾಟದ ಮುಂಚೂಣಿಯಲ್ಲಿದ್ದರು. ಇದು ಟ್ರೌಟ್ ಇರುವ ನದಿ ಎಂಬುದೂ ಅವರ ವಾದದ ಒಂದು ಭಾಗ. ಯೋಜನೆಗಳು ನಿಂತವು. ಸಾಹೇಬರು ತಮ್ಮ ಮೋಜಿಗೆ ತಂದುಬಿಟ್ಟ ಮೀನು ನೂರು ವರ್ಷ ಬಿಟ್ಟು ಊರವರ ಪರ ಸಾಕ್ಷಿ ಹೇಳಿದಂತಾಯಿತು. ಟ್ರೌಟ್ ಸರಿಯೋ ತಪ್ಪೋ ಎಂದರೆ ನನ್ನಲ್ಲಿ ಈಗ ಹತ್ತು ಅಂಕದ ಉತ್ತರವಿಲ್ಲ.

ಮೂರನೇ ದಿನ ನೀರನ್ನು ಓದುವುದು ಸ್ವಲ್ಪ ಬಂತು. ಮೀನು ಯಾವಾಗಲೂ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ, ಊಟ ಮೇಲಿನಿಂದ ತೇಲಿ ಬರುತ್ತದಲ್ಲ. ಹಾಗಾಗಿ ನಾವು ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ನೆರಳು ನೀರಿನ ಮೇಲೆ ಬೀಳಬಾರದು. ಸೂರ್ಯ ಎಲ್ಲಿದ್ದಾನೆ, ಬಂಡೆಯ ಹಿಂದೆ ನೊರೆ ಎಲ್ಲಿ ಸುತ್ತುತ್ತಿದೆ, ವೇಗದ ನೀರು ಮತ್ತು ನಿಧಾನದ ನೀರು ಸೇರುವ ಗೆರೆ ಎಲ್ಲಿದೆ. ಇಷ್ಟು ನೋಡಿಕೊಂಡು, ಮೇಲ್ಗಡೆಗೆ ಎಸೆದು, ತಳಕ್ಕಿಳಿಯಲು ಬಿಟ್ಟು, ನಿಧಾನವಾಗಿ ಸುತ್ತಿಕೊಳ್ಳಬೇಕು. ಚಳಿಯಲ್ಲಿ ಮೀನು ಓಡಿಬಂದು ಹಿಡಿಯುವುದಿಲ್ಲ, ಮೂಗಿನ ಮುಂದೆ ಹೋದರೆ ಮಾತ್ರ ಬಾಯಿ ಹಾಕುತ್ತದೆ. ಒಂದು ಗಂಟೆ ಸುಮಾರಿಗೆ ದಾರ ಒಮ್ಮೆಲೇ ಭಾರವಾಯಿತು. ಬಂಡೆ ಎಂದುಕೊಂಡೆ. ಬಂಡೆ ತಲೆ ಕೊಡವಿತು. ನಾನು ಊರಿನ ಅಭ್ಯಾಸದಂತೆ ಎಳೆದು ದಡಕ್ಕೆ ಎಸೆಯಲು ಹೋದೆ, ದಾರ ಫಟ್ಟೆಂದಿತು. ಭಾಯಿ ಏನೂ ಹೇಳಲಿಲ್ಲ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಲೆಕ್ಕ ಹಾಕಿದರೆ ಆ ಇಡೀ ದಿನ ನಾನು ಒಮ್ಮೆಯೂ ಮೇಲ್ ನೋಡಿರಲಿಲ್ಲ. ಕಣಿವೆಯಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ ಎಂಬುದು ನಿಜ, ಆದರೆ ಮನೆಯ ಮೇಲಿನ ತಿರುವಿಗೆ ಹೋದರೆ ಸಿಗುತ್ತಿತ್ತು. ಹೋಗಿರಲಿಲ್ಲ. ಬೆಳಗಿನ ಜಾವ ಯಾರೋ ಹುಡುಗ ಸಿಳ್ಳೆ ಹಾಕುತ್ತ ಹೋದಂತೆ ಕೇಳಿ ಎದ್ದು ಕುಳಿತೆ. ನಮ್ಮೂರಿನ ಹಳ್ಳದ ಬಳಿ ಮಳೆಗಾಲದಲ್ಲಿ ಕೇಳುವಂಥದ್ದೇ ದನಿ. ವಿಸ್ಲಿಂಗ್ ಥ್ರಶ್, ಅಲ್ಲಿನದು ಮಲಬಾರಿನ ಜಾತಿ, ಇದು ಹಿಮಾಲಯದ ದೊಡ್ಡಣ್ಣ. ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಹಾಸಿಗೆಯಲ್ಲಿ ಕುಳಿತವನಿಗೆ ಊರಿನ ಹೊಳೆಯ ವಾಸನೆ ಬಂದಂತಾಯಿತು.

ಕೊನೆಯ ದಿನ ಅದೇ ಮಡುವಿಗೆ ಹೋದೆವು. ಮೊದಲು ಸಿಕ್ಕಿದ್ದು ಕೈಬೆರಳುದ್ದದ್ದು. ‘ಕೈ ಒದ್ದೆ ಮಾಡಿಕೊಂಡು ಹಿಡಿ’ ಎಂದು ಭಾಯಿ ಕೂಗಿದ. ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಅದು ಹೋದರೆ ರೋಗ ತಗಲುತ್ತದೆ. ಕೊಕ್ಕೆ ಸಲೀಸಾಗಿ ಬಿಟ್ಟಿತು. ನೀರಿನೊಳಗೇ ಹಿಡಿದು, ಹರಿವಿಗೆ ಮುಖ ಮಾಡಿಸಿ, ಕೈ ಸಡಿಲಿಸಿದೆ. ಎರಡನೆಯದು ಬರುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ಈ ಸಲ ಎಳೆಯಲಿಲ್ಲ. ಅದು ಹೋಗುತ್ತೇನೆಂದರೆ ರೀಲ್ ಬಿಟ್ಟೆ, ನಿಂತರೆ ಸುತ್ತಿದೆ. ಭಾಯಿ ಬಲೆಚೀಲ ಹಿಡಿದು ಕೆಳಗೆ ನಿಂತಿದ್ದ. ಬಂದ ಮೀನನ್ನು ನೋಡಿ ಮಾತು ಹೊರಡಲಿಲ್ಲ. ಜೇನಿನ ಬಣ್ಣದ ಮೈ, ಅದರ ಮೇಲೆ ಕಪ್ಪು ಚುಕ್ಕೆ, ನಡುನಡುವೆ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕೆ, ಪ್ರತಿ ಕೆಂಪಿನ ಸುತ್ತ ತೆಳು ಬಿಳಿಯ ಬಳೆ.

ಬಿಡುವುದೋ ಇಡುವುದೋ ಎಂದು ಭಾಯಿ ನನ್ನ ಮುಖ ನೋಡಿದ. ಅಳತೆಯಲ್ಲಿ ಅದು ಇಟ್ಟುಕೊಳ್ಳಬಹುದಾದ ಮೀನು. ಬಿಟ್ಟೆ ಎಂದು ಬರೆದರೆ ಈ ಲೇಖನ ಚೆಂದ ಕಾಣುತ್ತಿತ್ತು. ಬಿಡಲಿಲ್ಲ. ಮನೆಯ ಅಮ್ಮ ಅದಕ್ಕೆ ಉಪ್ಪು, ಅರಿಶಿನ ಸವರಿ ಸಾಸಿವೆ ಎಣ್ಣೆಯಲ್ಲಿ ಹುರಿದರು. ಮೂವರೂ ಹಂಚಿಕೊಂಡು ತಿಂದೆವು. ಮೂಳೆ ಬಿಡಿಸಲು ಬರುತ್ತದೋ ಎಂದು ಅಮ್ಮ ನನ್ನನ್ನೇ ನೋಡುತ್ತಿದ್ದರು. ಮಲೆನಾಡಿನವನಿಗೆ ಮೀನಿನ ಮೂಳೆಯ ಪರೀಕ್ಷೆ! ಆ ಒಂದರಲ್ಲಿ ಮಾತ್ರ ನಾನು ಮೊದಲ ದರ್ಜೆಯಲ್ಲಿ ಪಾಸಾದೆ.

ಮರುದಿನ ಔಟ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಫೋನಿಗೆ ಒಮ್ಮೆಲೇ ನೆಟ್‌ವರ್ಕ್ ಬಂತು. ಟುಂಯ್ ಟುಂಯ್ ಎಂದು ಹತ್ತಾರು ಸಂದೇಶ. ನಡುವೆ ಆ ಮೇಲ್ ಕೂಡ. ‘ವಿಷಾದದಿಂದ ತಿಳಿಸುತ್ತೇವೆ’ ಎಂಬ ಎರಡು ಸಾಲು. ಔಟ್ ಎಂಬ ಬೋರ್ಡಿನ ಕೆಳಗೇ ಅದನ್ನು ಓದಿದ್ದು ಈಗ ಹೇಳಿದರೆ ಗೆಳೆಯರು ನಂಬುವುದಿಲ್ಲ, ಕಥೆ ಕಟ್ಟುತ್ತೀಯ ಅನ್ನುತ್ತಾರೆ. ಬೇಸರವಾಗಲಿಲ್ಲ ಎಂದರೆ ಸುಳ್ಳು. ಅಪ್ಪನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಮೂರು ಚಹಾ ಕುಡಿದೆ.

ಧಾರವಾಡಕ್ಕೆ ಬಂದೆ, ಮತ್ತೆ ಅದೇ ರೂಮು, ಅದೇ ಲೈಬ್ರರಿ. ಜೂನ್‌ನಲ್ಲಿ ಊರಿಗೆ ಹೋದಾಗ ಮೊದಲ ಮಳೆ ಹಿಡಿಯಿತು. ರಾತ್ರಿ ಎಂಟಕ್ಕೆ ಚಿಕ್ಕಪ್ಪ ಕಂಬಳಿಕೊಪ್ಪೆ ಹಾಕಿಕೊಂಡು, ಬ್ಯಾಟರಿ, ಕತ್ತಿ ಹಿಡಿದು ಅಂಗಳದಲ್ಲಿ ನಿಂತರು. ‘ಮೀನು ಹತ್ತಿದಾವಂತೆ, ಬರ್ತೀಯೇನೋ?’

‘ಚಿಕ್ಕಪ್ಪ, ಅವು ಮೊಟ್ಟೆ ಇಡೋಕೆ ಬರೋದಲ್ವಾ’ ಎಂದೆ.

‘ಹೌದು ಮಾರಾಯ, ಮತ್ತೆ ಇನ್ಯಾಕೆ ಬರ್ತಾವೆ? ನಾವು ಬಿಟ್ರೆ ಆಚೆ ಗದ್ದೆಯವ್ರು ಬಿಡ್ತಾರಾ?’

ನನ್ನ ಬಳಿ ಉತ್ತರವಿರಲಿಲ್ಲ. ಪರವಾನಗಿ, ಸೀಸನ್, ತೀರ್ಥನ್ ಎಂದೆಲ್ಲ ಶುರುಮಾಡಿದೆ. ಮಳೆಯ ಸದ್ದಿನಲ್ಲಿ ಅವರಿಗೆ ಅರ್ಧ ಕೇಳಿಸಿತು. ಆದರೂ ಜೊತೆಗೆ ಹೋದೆ. ಗದ್ದೆಯ ಅಂಚಿನ ಮೇಲೆ ಕುಳಿತು ಬ್ಯಾಟರಿ ಹಿಡಿದೆ, ಕತ್ತಿ ಮುಟ್ಟಲಿಲ್ಲ. ಮೊದಲಾದರೆ ಅರ್ಧ ಚೀಲ ತುಂಬುತ್ತಿದ್ದ ಜಾಗದಲ್ಲಿ ಒಂದು ತಾಸಿಗೆ ಎರಡು ಮೀನು ಕಂಡವು. ಎರಡನೆಯದರ ಹೊಟ್ಟೆ ದಪ್ಪಗಿತ್ತು. ಚಿಕ್ಕಪ್ಪ ಕತ್ತಿ ಎತ್ತಿದವರು ಯಾಕೋ ನನ್ನ ಕಡೆ ನೋಡಿದರು, ‘ಥೂ, ನಿನ್ನ ಕರ್ಕೊಂಡು ಬರಬಾರದಿತ್ತು’ ಎಂದರು. ಅಷ್ಟರಲ್ಲಿ ಅದು ಬದುವಿನ ನೀರು ಹಾರಿ ಮೇಲಿನ ಗದ್ದೆಗೆ ಹೋಗಿಯಾಗಿತ್ತು.